ನಾನು ಕೈಬಿಟ್ಟ ಅರ್ಧ ವಾಕ್ಯ

ಮೊದಲ ದಿನವೇ ನಾನು ಮರ್ಯಾದೆ ಕಳೆದುಕೊಂಡೆ. ಅದು ಗೊತ್ತಾದದ್ದು ಮಾತ್ರ ಒಂದು ತಿಂಗಳ ಮೇಲೆ. ಪೋಲೆಂಡಿನ ಐದು ಜನ ಗಂಡಸರ ಮುಂದೆ ನಿಂತು, ಸೆರಗು ಸರಿಮಾಡಿಕೊಂಡು, ‘ಐ ಆಮ್ ಆನ್ ಆರ್ಡಿನರಿ ಹೌಸ್‌ವೈಫ್’ ಎಂದು ಪರಿಚಯ ಹೇಳಿಕೊಂಡೆ. ನಾನೊಬ್ಬ ಸಾಮಾನ್ಯ ಗೃಹಿಣಿ, ಹೆದರಬೇಡಿ, ಅನ್ನುವ ಅರ್ಥದಲ್ಲಿ. ಐವರೂ ಮುಖ ಮುಖ ನೋಡಿಕೊಂಡರು. ಒಬ್ಬರು ಕೆಮ್ಮಿದರು. ಅವರ ಭಾಷೆಯಲ್ಲಿ ಹೆಚ್ಚು ಕಡಿಮೆ ‘ಆರ್ಡಿನರಿ’ಯ ಹಾಗೇ ಕೇಳಿಸುವ ಒಂದು ಪದವಿದೆಯಂತೆ. ಅದಕ್ಕೆ ಒರಟು, ಅಸಭ್ಯ, ನಾಚಿಕೆಗೆಟ್ಟದ್ದು ಅಂತ ಅರ್ಥವಂತೆ. ಮೈಸೂರಿನ ಮಡಿವಂತರ ಮನೆಯ ಹೆಣ್ಣುಮಗಳು ಕುವೈತಿಗೆ ಬಂದು, ಗುರುತಿಲ್ಲದ ಗಂಡಸರ ಮುಂದೆ, ತಾನು ನಾಚಿಕೆಗೆಟ್ಟ ಗೃಹಿಣಿ ಎಂದು ಹೇಳಿಕೊಂಡ ಹಾಗಾಯಿತು. ಈ ಕಥೆಯನ್ನು ಎಷ್ಟೋ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ. ಇದರ ಮುಂದಿನದನ್ನು ನಮ್ಮ ಯಜಮಾನರೊಬ್ಬರಿಗೆ ಅರ್ಧ ಹೇಳಿದ್ದು ಬಿಟ್ಟರೆ ಯಾರಿಗೂ ಹೇಳಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ಯಜಮಾನರು ಶರ್ಕ್‌ನ ಒಂದು ಬ್ಯಾಂಕಿನಲ್ಲಿದ್ದರು, ನಮ್ಮ ಮನೆ ಸಾಲ್ಮಿಯಾದಲ್ಲಿ, ಮೂರನೇ ಮಹಡಿ. ನಾನು ಇಂಗ್ಲಿಷ್ ಎಂ.ಎ. ಮದುವೆಗೆ ಮುಂಚೆ ಎರಡು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವಳು. ಕುವೈತಿನಲ್ಲಿ ಮಕ್ಕಳು ಶಾಲೆಗೆ ಹೋದ ಮೇಲೆ ನನ್ನ ಇಂಗ್ಲಿಷೆಲ್ಲ ಏಸಿ ರಿಪೇರಿಯವರ ಜೊತೆ ಜಗಳಾಡುವುದಕ್ಕೆ ಖರ್ಚಾಗುತ್ತಿತ್ತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದರಲ್ಲೂ ಯಾರಾದರೂ ವ್ಯಾಕರಣ ತಪ್ಪಿದರೆ ಸುಮ್ಮನೆ ಕೂತುಕೊಳ್ಳುವುದು ನನ್ನಿಂದಾಗದು. ಮಕ್ಕಳನ್ನಂತೂ ಊಟದ ನಡುವೆ ನಿಲ್ಲಿಸಿ ತಿದ್ದುತ್ತಿದ್ದೆ.

ಕೆಲಸ ಹುಡುಕಿಕೊಟ್ಟವರು ಬ್ಯಾಂಕಿಗೆ ಬಂದು ಹೋಗುತ್ತಿದ್ದ ಒಬ್ಬ ಬ್ಯಾರಿ ಗುಮಾಸ್ತರು. ಉಪ್ಪಿನಂಗಡಿ ಕಡೆಯವರು, ಕುವೈತಿನ ಕಾರ್ಖಾನೆಗಳ ಬಡಾವಣೆಯಾದ ರಾಯ್‌ನಲ್ಲಿದ್ದ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಎಲ್ಲರ ಇಕಾಮಾ ಅಂದರೆ ವಾಸದ ಪರವಾನಗಿ, ಟಿಕೆಟ್ಟು, ಪರ್ಮಿಟ್ಟುಗಳ ಓಡಾಟ ಅವರದ್ದು. ಅಲ್ಲಿ ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ‘ನಮ್ಮಲ್ಲಿ ಪೋಲೆಂಡಿನವರು ಇದ್ದಾರೆ ಟೀಚರೇ. ಕೆಲಸ ಚಿನ್ನದ ಹಾಗೆ ಮಾಡ್ತಾರೆ, ಬಾಯಿ ಬಿಟ್ಟರೆ ಯಾರಿಗೂ ಅರ್ಥ ಆಗುವುದಿಲ್ಲ. ನೀವು ಸ್ವಲ್ಪ ಮಾತಾಡಿಸಿ ಅಭ್ಯಾಸ ಮಾಡಿಸಬೇಕು’ ಎಂದರು.

ವಾರಕ್ಕೆ ಎರಡು ಸಂಜೆ, ವರ್ಕ್‌ಶಾಪಿನ ಮೇಲಿನ ಕೋಣೆ. ಕೆಳಗೆ ಕಬ್ಬಿಣ ಉಜ್ಜುವ ಸದ್ದು, ಕಿಟಕಿಯಲ್ಲಿ ತೊಟ್ಟಿಕ್ಕುವ ಕೂಲರ್. ಅವರ ಮುಖ್ಯಸ್ಥರೂ ಪೋಲೆಂಡಿನವರೇ, ಬೆಳ್ಳಿಗೂದಲು, ಬಲು ಸಭ್ಯ ಮನುಷ್ಯ. ಮೊದಲ ಭೇಟಿಯಲ್ಲಿ ಬಗ್ಗಿ ನನ್ನ ಕೈಗೆ ಮುತ್ತಿಟ್ಟರು. ಅದು ಅವರಲ್ಲಿ ಹೆಂಗಸರಿಗೆ ತೋರಿಸುವ ಮರ್ಯಾದೆ ಅಂತ ನನಗೇನು ಗೊತ್ತು? ಕೈಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡೆ. ಆಮೇಲೆ ಆ ಮರ್ಯಾದೆ ಅಭ್ಯಾಸವಾಯಿತು. ನಿಜ ಹೇಳಬೇಕೆಂದರೆ ಇಷ್ಟವೂ ಆಯಿತು.

‘ನಮ್ಮವರು ಬೇರೆ ದೇಶದ ಎಂಜಿನಿಯರುಗಳ ಜೊತೆ ಊಟದ ಮೇಜಿನಲ್ಲಿ ಎಲ್ಲ ವಿಷಯ ಮಾತಾಡುವ ಹಾಗಾಗಬೇಕು’ ಎಂದಿದ್ದರು ಅವರು. ಪೇಟೆಯಲ್ಲಿ ಹುಡುಕಿ ಒಂದು ಸಂಭಾಷಣೆಯ ಪುಸ್ತಕ ತಂದೆ. ಅದರಲ್ಲಿ ಮೂರು ಭಾಗ: ರಾಜಕೀಯ, ಅಪರಾಧ, ಸಮಾಜ. ನಾನೋ, ಪುಸ್ತಕದಲ್ಲಿ ಮೊದಲು ಏನಿದೆಯೋ ಅದನ್ನೇ ಮೊದಲು ಮಾಡುವವಳು. ‘ನಿಮ್ಮ ದೇಶದ ರಾಜಕೀಯದ ಬಗ್ಗೆ ನಿಮ್ಮ ಅಭಿಪ್ರಾಯವೇನು?’ ಎಂದು ಕೇಳಿದೆ. ಐವರೂ ಕೂಲರನ್ನೇ ನೋಡುತ್ತಾ ಕೂತರು. ಪ್ರಶ್ನೆ ಅರ್ಥವಾಗಲಿಲ್ಲವೇನೋ ಎಂದುಕೊಂಡು ಇನ್ನೂ ಗಟ್ಟಿಯಾಗಿ ಕೇಳಿದೆ, ನನ್ನ ಬುದ್ಧಿಗಿಷ್ಟು.

ಅಪರಾಧದ ಪಾಠಕ್ಕೆ ಬಂದಾಗ ಜೀವ ಬಂತು. ಒಬ್ಬ ಮೆಕ್ಯಾನಿಕ್ ಇದ್ದರು, ದಪ್ಪ ಕನ್ನಡಕ, ನಾನು ಹೇಳಿದ್ದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವರು. ಅವರ ಊರಿನಲ್ಲಿ ಯಾರೋ ಕಾರ್ಖಾನೆಯಿಂದ ದಿನಕ್ಕೊಂದು ಡಬ್ಬಿಯಂತೆ ಸಿಮೆಂಟು ಹೊತ್ತು ಗ್ಯಾರೇಜು ಕಟ್ಟಿದ ಕಥೆ ಹೇಳಿದರು. ‘ಹಾಗಾದರೆ ಅವನು ಕಳ್ಳ’ ಎಂದೆ. ‘ಇಲ್ಲ, ಮಿಸೆಸ್ ಟೀಚರ್. ಹಿ ಓನ್ಲಿ ಆರ್ಗನೈಸ್ಡ್’ ಎಂದರು, ಅವನು ಬರೀ ವ್ಯವಸ್ಥೆ ಮಾಡಿಕೊಂಡ ಅಂತ. ಕೋಣೆಯೆಲ್ಲ ನಕ್ಕಿತು. ಸಮಾಜದ ಪಾಠ ಪೂರ್ತಿ ಕ್ಯೂನಲ್ಲೇ ಮುಗಿಯಿತು: ಮಾಂಸಕ್ಕೆ ಕ್ಯೂ, ಬೂಟಿಗೆ ಕ್ಯೂ. ನಾನು ನಮ್ಮೂರಿನ ಸೀಮೆಎಣ್ಣೆ ಕ್ಯೂ ಹೇಳಿದೆ. ಆವತ್ತಿನಿಂದ ನಾವು ಒಂದೇ ಜಾತಿಯವರಾದೆವು.

ಆ ಮೆಕ್ಯಾನಿಕ್ಕಿನ ಪಕ್ಕ ಕೂರುತ್ತಿದ್ದವರು ಒಬ್ಬ ಸರ್ವೇಯರ್. ಇಬ್ಬರೂ ಒಂದೇ ಕೋಣೆಯಲ್ಲಿ ವಾಸ, ಒಂದೇ ಪಾತ್ರೆಯಲ್ಲಿ ಅಡುಗೆ. ಸರ್ವೇಯರಿಗೆ ನಲವತ್ತರ ಹತ್ತಿರ, ಬಿಸಿಲಿಗೆ ಕೆಂಪಾದ ಕತ್ತು, ಮಾತು ಮೆಲ್ಲಗೆ. ಉಳಿದವರು ಕಂಪನಿ ಕಳಿಸಿದ್ದಕ್ಕೆ ಬರುತ್ತಿದ್ದರು, ಇವರು ಮಗಳಿಗಾಗಿ ಬರುತ್ತಿದ್ದರು. ಏಳು ವರ್ಷದ ಮಗಳು, ಹೆಂಡತಿ, ಇಬ್ಬರೂ ಬೇಸಿಗೆಗೆ ಕುವೈತಿಗೆ ಬರುವುದು ಎಂದಾಗಿತ್ತು. ನಮ್ಮ ಮನೆಯ ಹತ್ತಿರದ ಒಂದು ಇಂಗ್ಲಿಷ್ ಶಾಲೆಗೆ ಮಗಳನ್ನು ಸೇರಿಸಬೇಕು, ಅಲ್ಲಿ ತಂದೆತಾಯಿಯನ್ನು ಕೂರಿಸಿ ಮಾತಾಡಿಸುತ್ತಾರೆ. ‘ಮಗಳ ಸೀಟು ನನ್ನ ಇಂಗ್ಲಿಷಿನಿಂದ ಹೋಗಬಾರದು’ ಎನ್ನುತ್ತಿದ್ದರು. ಫೋಟೋ ತೋರಿಸಿದರು: ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ನಾನೇ ಆ ಶಾಲೆಗೆ ಹೋಗಿ ಹೆಡ್‌ಮಿಸ್ಟ್ರೆಸ್ ಹತ್ತಿರ ಒಂದು ಮಾತು ಹಾಕಿ ಬಂದೆ.

ಬೇಸಿಗೆಗೆ ಬರುವುದು ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಅವರ ದೇಶದಲ್ಲಿ ಪಾಸ್‌ಪೋರ್ಟು ಮನೆಯ ಬೀರುವಿನಲ್ಲಿರುವ ವಸ್ತುವಲ್ಲವಂತೆ. ಅದು ಸರ್ಕಾರದ ಹತ್ತಿರ ಇರುತ್ತದೆ, ಪ್ರತಿ ಸಲ ಕೇಳಿ ಪಡೆಯಬೇಕು. ಗಂಡ ಹೊರಗಿದ್ದು ಹೆಂಡತಿ ಮಕ್ಕಳೂ ಹೊರಟರೆ, ಇವರು ವಾಪಸು ಬರುವುದಿಲ್ಲವೇನೋ ಎಂಬ ಅನುಮಾನ. ಇಲ್ಲಿಯ ಮುಖ್ಯಸ್ಥರು ‘ಈತ ನಂಬಿಕಸ್ಥ, ಹಿಂತಿರುಗುತ್ತಾನೆ’ ಎಂದು ಬರೆದುಕೊಟ್ಟರೆ ಮಾತ್ರ ದಾರಿ. ಇದನ್ನೆಲ್ಲ ಸರ್ವೇಯರೇ ನನಗೆ ಬಿಡಿಸಿ ಹೇಳಿದ್ದರು. ಗೊತ್ತಿರಲಿಲ್ಲ ಎಂದು ನಾನು ಹೇಳುವ ಹಾಗಿಲ್ಲ.

ತರಗತಿಗೆ ನಾನು ಎರಡು ಫ್ಲಾಸ್ಕ್ ಒಯ್ಯುತ್ತಿದ್ದೆ, ಒಂದರಲ್ಲಿ ಅವರ ರುಚಿಗೆ ಹಾಲಿಲ್ಲದ ಟೀ, ಒಂದರಲ್ಲಿ ನಮ್ಮ ಫಿಲ್ಟರ್ ಕಾಫಿ. ಮೊದಲ ಸಲ ಯಾವುದು ಬೇಕು ಎಂದು ಕೇಳಿದಾಗ ಸರ್ವೇಯರು ‘ಟೀ. ಇವೆಂಚುಯಲಿ, ಕಾಫಿ’ ಎಂದರು. ಇಂಗ್ಲಿಷಿನಲ್ಲಿ ಇವೆಂಚುಯಲಿ ಎಂದರೆ ಕೊನೆಗೆ ಆಗಿಯೇ ಆಗುವುದು. ಮೊದಲು ಟೀ, ಆಮೇಲೆ ಕಾಫಿ, ಎರಡೂ ಬೇಕಂತೆ, ಭಲೇ ಆಸಾಮಿ ಎಂದುಕೊಂಡು ಎರಡೂ ಕೊಟ್ಟೆ. ಎರಡೂ ಕುಡಿದರು. ಆವತ್ತಿನಿಂದ ಪ್ರತಿ ತರಗತಿಯಲ್ಲೂ ಅವರಿಗೆ ಎರಡು ಲೋಟ. ಪಾಪ, ಒಂದು ದಿನವೂ ಬೇಡ ಎನ್ನಲಿಲ್ಲ.

ಅವರ ಇಂಥ ಪದಗಳನ್ನು ಹಿಡಿಯುವುದರಲ್ಲಿ ನಾನು ಪಳಗಿಬಿಟ್ಟಿದ್ದೇನೆ ಎಂದು ನನಗೆ ಜಂಬ. ‘ಆಕ್ಚುಯಲಿ ಐ ಹ್ಯಾವ್ ಒನ್ ಡಾಟರ್’ ಎಂದಿದ್ದರು ಸರ್ವೇಯರ್. ಅವರ ಮನಸ್ಸಿನಲ್ಲಿದ್ದದ್ದು ‘ಸದ್ಯಕ್ಕೆ’ ಎಂದು. ಅವರ ಭಾಷೆಯ ಪದಕ್ಕೆ ಆ ಅರ್ಥ. ‘ಸದ್ಯಕ್ಕೆ ಒಬ್ಬಳಾ? ಮುಂದಿನ ವಾರ ಎಷ್ಟು?’ ಎಂದು ರೇಗಿಸಿ, ಬೋರ್ಡಿನ ಮೇಲೆ ಮೋಸದ ಪದಗಳ ಪಟ್ಟಿ ಶುರುಮಾಡಿದೆ. ನನ್ನ ‘ಆರ್ಡಿನರಿ’ಯ ಮಾನ ಹೋದದ್ದೂ ಆಗಲೇ. ‘ಇವೆಂಚುಯಲಿ’ ಮಾತ್ರ ಆ ಪಟ್ಟಿಗೆ ಬರಲಿಲ್ಲ. ಅದು ಬಂದಲ್ಲೆಲ್ಲ ವಾಕ್ಯ ಸರಿಯಾಗಿಯೇ ಕೇಳಿಸುತ್ತಿತ್ತು.

ಈಗ ವರದಿಯ ಮಾತು. ಮುಖ್ಯಸ್ಥರು ತಿಂಗಳಿಗೊಮ್ಮೆ ಒಬ್ಬೊಬ್ಬರ ಪ್ರಗತಿಯ ವರದಿ ಕೇಳಿದ್ದರು. ‘ಉದಾಹರಣೆ ಸಮೇತ ಕೊಡಿ. ಏನು ವಿಷಯ ಮಾತಾಡುತ್ತಾರೆ, ಯಾವ ವಾಕ್ಯ ಹೇಳಿದರು, ಹಾಗೇ ಬರೆಯಿರಿ. ನಿಮ್ಮ ವರದಿಯಂಥದ್ದನ್ನು ನಾನು ಎಲ್ಲೂ ನೋಡಿಲ್ಲ’ ಎಂದರು. ಅಷ್ಟು ಸಾಕಾಯಿತು, ನನಗೆ ಕೊಂಬು ಬಂತು. ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒಲೆಯ ಮೇಲೆ ಸಾರು ಕುದಿಯುತ್ತಿರುವಾಗ, ಮುತ್ತಿನಂಥ ಅಕ್ಷರದಲ್ಲಿ ಪುಟಗಟ್ಟಲೆ ಬರೆಯುತ್ತಿದ್ದೆ. ‘ಇಷ್ಟುದ್ದ ಯಾರೇ ಓದ್ತಾರೆ?’ ಎಂದರು ಯಜಮಾನರು. ‘ಓದೋರು ಇದ್ದಾರೆ ಬಿಡಿ’ ಎಂದೆ. ಇದ್ದರು, ಒಂದಕ್ಷರ ಬಿಡದೆ ಓದುವವರು.

ಭಾಯಿ ಒಮ್ಮೆ ಮೆಟ್ಟಿಲ ಹತ್ತಿರ ತಡೆದರು. ‘ಟೀಚರೇ, ತಪ್ಪು ತಿಳಿಯಬೇಡಿ. ಅಷ್ಟೆಲ್ಲ ಬರೆಯುವುದು ಯಾಕೆ? ಒಳ್ಳೆ ಪ್ರಗತಿ ಉಂಟು ಅಂತ ಒಂದು ಗೆರೆ ಬರೆದರೆ ಸಾಕಲ್ಲ? ನಿಮ್ಮ ಕಾಗದ ಇಲ್ಲಿ ನಿಲ್ಲುವುದಿಲ್ಲ, ಎಂಬಸಿಯ ಟಪಾಲು ಬ್ಯಾಗಿನಲ್ಲಿ ಹೋಗ್ತದೆ, ಅವರ ದೇಶಕ್ಕೆ.’ ನನಗೆ ಚುರ್ರೆಂದಿತು. ಟಿಕೆಟ್ಟು ಬರೆಯುವವರು ನನಗೆ ವರದಿ ಬರೆಯುವುದನ್ನು ಕಲಿಸಬೇಕೆ? ‘ನನ್ನ ಕೆಲಸ ನನಗೆ ಗೊತ್ತು ಭಾಯಿ’ ಎಂದೆ. ‘ಆಯ್ತು ಮಾರಾಯ್ರೆ’ ಎಂದು ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಆ ಮುಖ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆ ಡಿಸೆಂಬರಿನಲ್ಲಿ ಅವರ ದೇಶವನ್ನು ಸೈನ್ಯ ಕೈಗೆ ತೆಗೆದುಕೊಂಡಿತು. ಊರಿಗೆ ಫೋನಿಲ್ಲ, ಕಾಗದವಿಲ್ಲ. ರೇಡಿಯೋ ಹೇಳಿದ್ದಷ್ಟೇ ಸುದ್ದಿ. ಮುಂದಿನ ತರಗತಿಗೆ ಐವರೂ ಬಂದರು, ಯಾರೂ ಸರಿಯಾಗಿ ಮುಖ ತೊಳೆದ ಹಾಗಿರಲಿಲ್ಲ. ಬುದ್ಧಿಯಿದ್ದವಳಾಗಿದ್ದರೆ ಪುಸ್ತಕ ಮುಚ್ಚಿ ಕಾಫಿ ಕೊಟ್ಟು ಕಳಿಸುತ್ತಿದ್ದೆ. ನನಗೆ ಕಂಡದ್ದು ಬೇರೆ. ತಿಂಗಳುಗಟ್ಟಲೆ ಬಾಯಿ ಬಿಡದ ರಾಜಕೀಯದ ಪಾಠಕ್ಕೆ ಈಗ ಇವರಲ್ಲಿ ಮಾತಿದೆ, ಅದನ್ನು ಹೊರಗೆ ತೆಗೆಸಬೇಕು ಎಂಬ ಹುರುಪು. ಭವಿಷ್ಯತ್ಕಾಲದ ಅಭ್ಯಾಸ ಎಂದು ಹೆಸರಿಟ್ಟು, ‘ಮುಂದಿನ ವರ್ಷ ನೀವು ಏನು ಮಾಡುತ್ತೀರಿ?’ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದೆ.

ಮೂವರು ಏನೋ ತೇಲಿಸಿ ಕೂತರು. ಮೆಕ್ಯಾನಿಕ್ಕು ‘ಐ ವಿಲ್ ರಿಪೇರ್ ಕ್ರೇನ್’ ಎಂದರು. ಸರ್ವೇಯರು ಎದ್ದು, ಮೇಜನ್ನು ಹಿಡಿದುಕೊಂಡು, ನಿಧಾನಕ್ಕೆ ಹೇಳಿದರು: ‘ಇಫ್ ವಿಲ್ ಬಿ ವೆರಿ ಬ್ಯಾಡ್, ಇವೆಂಚುಯಲಿ ವಿ ವಿಲ್ ನಾಟ್ ಗೋ ಬ್ಯಾಕ್.’ ತುಂಬ ಕೆಟ್ಟು ಹೋದರೆ, ನಾವು ವಾಪಸು ಹೋಗುವುದಿಲ್ಲ. ಉಳಿದವರು ಬಾಗಿಲ ಕಡೆ ನೋಡಿದರು. ನಾನು ಕೇಳಿಸಿಕೊಂಡದ್ದು ವಾಕ್ಯವನ್ನು ಮಾತ್ರ. ಮೊದಲರ್ಧ ತಪ್ಪು, ‘ಇಫ್’ ಆದ ಮೇಲೆ ‘ಇಟ್’ ಇಲ್ಲ, ‘ವಿಲ್’ ಬರಬಾರದು. ಎರಡನೆಯ ಅರ್ಧ ಎಷ್ಟು ಚೆನ್ನಾಗಿದೆ, ತಪ್ಪೆನ್ನುವುದೇ ಇಲ್ಲ. ‘ವೆರಿ ಗುಡ್’ ಎಂದು ಅವರನ್ನು ಕೂರಿಸಿದೆ.

ಆ ತಿಂಗಳ ವರದಿಯಲ್ಲಿ ಅವರ ಹೆಸರಿನ ಕೆಳಗೆ ಬರೆದೆ: ಭವಿಷ್ಯತ್ಕಾಲವನ್ನು ಈಗ ಖಚಿತವಾಗಿ ಬಳಸುತ್ತಾರೆ. ಉದಾಹರಣೆ, ‘ಇವೆಂಚುಯಲಿ ವಿ ವಿಲ್ ನಾಟ್ ಗೋ ಬ್ಯಾಕ್.’ ಮೊದಲರ್ಧವನ್ನು ಕೈಬಿಟ್ಟೆ. ಪ್ರಗತಿಯ ಉದಾಹರಣೆಗೆ ತಪ್ಪು ವಾಕ್ಯ ಯಾಕೆ? ಅವರಿಗೆ ಒಳ್ಳೆಯ ಹೆಸರು ಬರಲಿ, ಮುಖ್ಯಸ್ಥರು ಖುಷಿಯಾಗಿ ಶಿಫಾರಸು ಬರೆಯಲಿ, ಮಗು ಬರಲಿ ಎಂದೇ, ದೇವರಾಣೆಗೂ, ಚೊಕ್ಕಮಾಡಿ ಬರೆದದ್ದು. ನನ್ನ ಕೈಯಿಂದಲೇ ಮುಖ್ಯಸ್ಥರ ಕೈಗೆ ಕೊಟ್ಟೆ. ಅವರು ಎಂದಿನಂತೆ ಬಗ್ಗಿದರು.

ಫೆಬ್ರವರಿಯಲ್ಲಿ ಸರ್ವೇಯರು ಎರಡು ತರಗತಿಗೆ ಬರಲಿಲ್ಲ. ಮೂರನೆಯ ಸಲ ಭಾಯಿಯನ್ನು ಕೇಳಿದೆ. ‘ಖಲಾಸ್ ಟೀಚರೇ. ಊರಿಗೆ ಕರೆಸಿದ್ದಾರೆ. ಟಿಕೆಟ್ ನಾನೇ ಮಾಡಿಸಿದೆ, ಹೋಗುವುದು ಮಾತ್ರ, ಬರುವುದಿಲ್ಲ’ ಎಂದರು. ಹೆಂಡತಿ ಮಗಳ ಪಾಸ್‌ಪೋರ್ಟಿನ ಅರ್ಜಿಯೂ ತಿರಸ್ಕಾರ. ಅದಕ್ಕಿಂತ ಹೆಚ್ಚು ಅವರು ಏನೂ ಹೇಳಲಿಲ್ಲ, ನಾನು ಹೇಳಿದ್ದೆ ಅಲ್ಲವೇ ಎಂದೂ ಹೇಳಲಿಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸರ್ವೇಯರು ಸಾಲ್ಮಿಯಾದ ನಮ್ಮ ಮನೆಗೆ ಬಂದರು. ಪುಸ್ತಕ ವಾಪಸು ಕೊಡುವುದಕ್ಕೆ. ಕೈಯಲ್ಲಿ ಒಂದು ಸಣ್ಣ ಡಿಕ್ಷನರಿಯೂ ಇತ್ತು, ಅವರ ಭಾಷೆಯಿಂದ ಇಂಗ್ಲಿಷಿಗೆ. ಕೂತುಕೊಳ್ಳಿ ಎಂದರೂ ತುದಿಯಲ್ಲೇ ಕೂತರು. ಡಿಕ್ಷನರಿ ತೆಗೆದು ಒಂದು ಪದದ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿದರು. ಇವೆಂಚುಯಲಿ ಥರದ್ದೇ ಪದ. ಎದುರಿಗೆ ಅರ್ಥ ಬರೆದಿತ್ತು: ಬಹುಶಃ, ಬೇಕಾದರೆ, ಅಥವಾ ಹಾಗೂ ಆಗಬಹುದು. ‘ನಾನು ಬಹುಶಃ ಅಂದೆ, ಮಿಸೆಸ್ ಟೀಚರ್. ಊರಿನಲ್ಲಿರುವವರು ಖಂಡಿತ ಅಂತ ಓದಿದರು’ ಎಂದರು.

ಟೀ, ಇವೆಂಚುಯಲಿ ಕಾಫಿ. ಟೀ ಕೊಡಿ, ಇಲ್ಲದಿದ್ದರೆ ಕಾಫಿ ಆದರೂ ಆದೀತು. ಅಷ್ಟೇ ಆ ಮನುಷ್ಯ ಕೇಳಿದ್ದು. ತಿಂಗಳುಗಟ್ಟಲೆ ಎರಡು ಲೋಟ ಕುಡಿಸಿದ್ದೆನಲ್ಲ.

ಅವರಿಗೆ ಮುಖ್ಯಸ್ಥರು ಆ ವಾಕ್ಯವನ್ನು ಓದಿ ಹೇಳಿದ್ದರು. ಯಾರು ಬರೆದದ್ದೆಂದು ಹೇಳಿರಲಿಲ್ಲ. ‘ಆ ಮಾತು ನಾನು ತರಗತಿಯಲ್ಲಿ ಮಾತ್ರ ಹೇಳಿದ್ದು. ಅಲ್ಲಿ ನಾವು ಐದು ಜನ. ನನ್ನ ಪಕ್ಕದವನು ಎಲ್ಲ ಬರೆದುಕೊಳ್ಳುತ್ತಾನೆ, ನನ್ನ ಕೋಣೆಯವನು. ಅವನ ನೋಟ್‌ಬುಕ್ಕಿನಿಂದ ಹೋಗಿರಬೇಕು. ನಿಮಗೆ ಗೊತ್ತೇ, ಮಿಸೆಸ್ ಟೀಚರ್? ಅವನೇ ಅಲ್ಲವೇ?’ ಎಂದು ಕೇಳಿದರು.

ಐದು ಜನ ಎಂದರು. ನನ್ನನ್ನು ಎಣಿಸಲೇ ಇಲ್ಲ. ಟೀಚರು ಅಂಥವಳಲ್ಲ ಎಂಬುದು ಅವರಿಗೆ ಅಷ್ಟು ಗಟ್ಟಿಯಾಗಿತ್ತು. ನಾನು ಹೇಳಬೇಕಾದದ್ದು ಎರಡೇ ಪದ, ‘ಐ ರೋಟ್’, ನಾನು ಬರೆದೆ ಅಂದಿದ್ದರೆ ಸಾಕಾಗಿತ್ತು. ಆಮೇಲೆ ಯೋಚಿಸಿದಾಗ ಇಕಾಮಾಕ್ಕೆ ತೊಂದರೆ, ಯಜಮಾನರ ಬ್ಯಾಂಕಿನ ಕೆಲಸಕ್ಕೆ ತೊಂದರೆ ಎಂದು ಕಾರಣಗಳನ್ನು ಜೋಡಿಸಿಕೊಂಡಿದ್ದೇನೆ. ಆ ಗಳಿಗೆಯಲ್ಲಿ ಅದ್ಯಾವುದೂ ತಲೆಯಲ್ಲಿರಲಿಲ್ಲ. ಆ ಮನುಷ್ಯನ ಕಣ್ಣಿನಲ್ಲಿ ಸಣ್ಣವಳಾಗಲು ನನಗೆ ಇಷ್ಟವಿರಲಿಲ್ಲ, ಅಷ್ಟೇ. ‘ಐ ಡೋಂಟ್ ನೋ’ ಎಂದೆ. ನನಗೆ ಗೊತ್ತಿಲ್ಲ.

ಅವರು ತಲೆಯಾಡಿಸಿ ಎದ್ದರು. ‘ಶಾಲೆಯವರಿಗೆ ಹೇಳಿಬಿಡಿ’ ಎಂದರು. ಬಾಗಿಲಲ್ಲಿ ತಿರುಗಿ, ಅವರ ಪದ್ಧತಿಯಂತೆ ಬಗ್ಗಿ, ನನ್ನ ಬಲಗೈ ಹಿಡಿದು ಮುತ್ತಿಟ್ಟರು. ವರದಿ ಬರೆದದ್ದು ಅದೇ ಕೈ. ಕೈ ಎಳೆದುಕೊಳ್ಳಬೇಕಾಗಿದ್ದದ್ದು ಆವತ್ತು, ಎಳೆದುಕೊಳ್ಳಲಿಲ್ಲ. ಅವರು ಮೆಟ್ಟಿಲಿಳಿದು ಹೋಗುವ ತನಕ ಬಾಗಿಲು ಹಿಡಿದು ನಿಂತಿದ್ದೆ, ಕರೆಯುವುದಕ್ಕೆ ಮೂರು ಮಹಡಿಯಷ್ಟು ಸಮಯವಿತ್ತು.

ಸಂಜೆ ಯಜಮಾನರಿಗೆ ಹೇಳಿ ಅತ್ತೆ. ‘ನೀನೇನು ಬೇಕಂತ ಮಾಡಿದ್ಯಾ?’ ಎಂದು ಸಮಾಧಾನ ಹೇಳಿದರು. ವರದಿ ಬೇಕಂತ ಮಾಡಿದ್ದಲ್ಲ, ಒಪ್ಪುತ್ತೇನೆ. ‘ಗೊತ್ತಿಲ್ಲ’ ಎಂದದ್ದು ಬೇಕಂತಲೇ. ಅದನ್ನು ಯಜಮಾನರಿಗೆ ಹೇಳಲಿಲ್ಲ, ಇವತ್ತಿನವರೆಗೂ.

ತರಗತಿ ಇನ್ನೂ ನಾಲ್ಕು ತಿಂಗಳು ನಡೆಯಿತು. ಸರ್ವೇಯರು ಹೋಗುವ ಮುಂಚೆ ಉಳಿದವರಿಗೂ ತಮ್ಮ ಅನುಮಾನ ಹೇಳಿ ಹೋಗಿರಬೇಕು. ಮೂವರು ಬೆಂಚನ್ನು ಗೋಡೆಯ ಕಡೆಗೆ ಎಳೆದುಕೊಂಡು ಕೂತರು, ಮೆಕ್ಯಾನಿಕ್ಕು ಈ ಕಡೆ ಒಬ್ಬರೇ. ಯಾರೂ ಅವರನ್ನು ಬಯ್ಯಲಿಲ್ಲ, ಅವರ ಮಾತಿಗೆ ನಗುವುದನ್ನು ನಿಲ್ಲಿಸಿದರು. ಅವರು ನೋಟ್‌ಬುಕ್ ತರುವುದನ್ನು ಬಿಟ್ಟರು. ಪ್ರತಿ ಸಂಜೆ ಮೆಟ್ಟಿಲು ಹತ್ತುವಾಗ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಮೇಲೆ ಹೋಗಿ ಫ್ಲಾಸ್ಕ್ ತೆರೆದು, ಹಾಜರಿ ಹಾಕಿ, ಪಾಠ ಶುರುಮಾಡುತ್ತಿದ್ದೆ. ಶಾಲೆಯ ಹೆಡ್‌ಮಿಸ್ಟ್ರೆಸ್ ದಾರಿಯಲ್ಲಿ ಸಿಕ್ಕಿ ಆ ಪೋಲಿಷ್ ಮಗು ಯಾವಾಗ ಬರುತ್ತದೆ ಎಂದು ಕೇಳಿದರು. ಬರುವುದಿಲ್ಲ ಎಂದೆ.

ಕೊನೆಯ ತಿಂಗಳಲ್ಲಿ ಒಂದು ದಿನ ಸಮಾಜದ ಭಾಗದಲ್ಲಿ ಸ್ನೇಹದ ಪಾಠ ಬಂತು. ನಾನು ಹಾರಿಸಿ ಮುಂದೆ ಹೋಗಬೇಕೆಂದಿದ್ದೆ, ಮೆಕ್ಯಾನಿಕ್ಕೇ ಕೈಯೆತ್ತಿದರು. ಎದ್ದು ನಿಂತು, ಕನ್ನಡಕ ತೆಗೆದು ಒರೆಸಿಕೊಂಡು, ‘ಆಕ್ಚುಯಲಿ, ಮಿಸೆಸ್ ಟೀಚರ್, ಐ ಹ್ಯಾವ್ ನೋ ಫ್ರೆಂಡ್’ ಎಂದರು. ಸದ್ಯಕ್ಕೆ ನನಗೆ ಸ್ನೇಹಿತರಿಲ್ಲ ಎಂದು ಅವರ ಮನಸ್ಸಿನಲ್ಲಿದ್ದದ್ದು. ನಾನೇ ಬೋರ್ಡಿನ ಮೇಲೆ ಬರೆಸಿದ್ದ ತಪ್ಪು ಅದು. ಉಳಿದ ಮೂವರು ಕೂಲರ್ ನೋಡುತ್ತಿದ್ದರು.

ತಿದ್ದಲಿಲ್ಲ. ಟೀ ಬೇಕೇ ಕಾಫಿ ಬೇಕೇ ಎಂದು ಕೇಳಿದೆ. ಆ ತಿಂಗಳ ವರದಿಯಲ್ಲಿ ಅವರ ಹೆಸರಿನ ಮುಂದೆ, ಭಾಯಿ ಹೇಳಿಕೊಟ್ಟಿದ್ದ ಹಾಗೆ, ‘ಒಳ್ಳೆಯ ಪ್ರಗತಿ’ ಎಂದು ಒಂದೇ ಗೆರೆ ಬರೆದು ಸಹಿ ಹಾಕಿದೆ.